ರೆಪೋ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಇಷ್ಟು ಇಳಿದರೂ ನನ್ನ 2018ರ ಗೃಹಸಾಲದ ಬಡ್ಡಿ ಹೆಚ್ಚೇನೂ ಇಳಿದಿಲ್ಲ. ಮುಂದಿನ ಕಡಿತದವರೆಗೆ ಕಾಯಲಾ?

ಕಾಯಬೇಡಿ. ನಾನು ಕಾದು ಕೆಟ್ಟವನು.

2012ರಲ್ಲಿ ದಾವಣಗೆರೆಯಲ್ಲಿ ಮನೆ ಕಟ್ಟಲು 25 ಲಕ್ಷ ಸಾಲ ಮಾಡಿದೆ. ಆಗ ಬೇಸ್ ರೇಟ್ ಪದ್ಧತಿ, ಅಂದರೆ ಬ್ಯಾಂಕು ತಾನೇ ಗೊತ್ತುಮಾಡಿದ ಕನಿಷ್ಠ ದರದ ಮೇಲೆ ಸಾಲದ ಬಡ್ಡಿ. 2015ರಲ್ಲಿ ರಿಸರ್ವ್ ಬ್ಯಾಂಕ್ ರೆಪೋವನ್ನು ಶೇ 8ರಿಂದ 6.75ಕ್ಕೆ ಇಳಿಸಿತು. ಟಿವಿಯಲ್ಲಿ ಪ್ರತಿ ಸಲ 'ಗೃಹಸಾಲ ಅಗ್ಗ' ಅಂತ ಬರುತ್ತಿತ್ತು. ನನಗೆ ಸಿಕ್ಕಿದ್ದು ಅದರ ಅರ್ಧ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಬೈದುಕೊಂಡು ಸುಮ್ನಾದೆ.

ಎಡವಿದ್ದು ಇಲ್ಲೇ. ರೆಪೋ ನೋಡುತ್ತಾ ಕೂತೆ, ನನ್ನ ಸಾಲ ಯಾವ ದರಕ್ಕೆ ಜೋಡಣೆಯಾಗಿದೆ ಅಂತ ನೋಡಲೇ ಇಲ್ಲ. ಬೇಸ್ ರೇಟ್ ಲೆಕ್ಕ ಹಾಕುತ್ತಿದ್ದವರು ಬ್ಯಾಂಕಿನವರೇ. ಹಳೇ ಎಫ್‌ಡಿಗಳಿಗೆ ಜಾಸ್ತಿ ಬಡ್ಡಿ ಕೊಡುತ್ತಿರುವಾಗ ಅವರ ಸರಾಸರಿ ಖರ್ಚು ಬೇಗ ಇಳಿಯಲ್ಲ, ನನ್ನ ಬಡ್ಡಿಯೂ ಇಳಿಯಲ್ಲ. 2016ರ ಏಪ್ರಿಲ್‌ನಲ್ಲಿ ಎಂಸಿಎಲ್‌ಆರ್ (ಬ್ಯಾಂಕು ಹೊಸದಾಗಿ ಹಣ ತರುವ ಖರ್ಚಿನ ಮೇಲೆ ಲೆಕ್ಕ ಹಾಕುವ ದರ) ಬಂತು, ಆದರೆ ಹೊಸ ಸಾಲಗಳಿಗೆ. ಹಳಬರು ತಾವಾಗಿ ಕೇಳಿದರೆ ಮಾತ್ರ ಬದಲಾವಣೆ. ಬ್ಯಾಂಕೇ ಮಾಡುತ್ತೆ ಅಂದುಕೊಂಡು ನಾನು ಕೇಳಲಿಲ್ಲ. ಇಎಂಐ ಮೊತ್ತ ಮೊದಲಿನಷ್ಟೇ ಇದ್ದದ್ದರಿಂದ ನಷ್ಟ ಕಣ್ಣಿಗೂ ಬೀಳಲಿಲ್ಲ. ಅದೆಲ್ಲ ಬಾಕಿ ಇದ್ದ ಕಂತುಗಳ ಸಂಖ್ಯೆಯಲ್ಲಿ ಅಡಗಿತ್ತು.

2017ರಲ್ಲಿ ಯಾವುದೋ ಸರ್ಟಿಫಿಕೇಟಿಗೆ ಹೋದಾಗ ಲೋನ್ ಸೆಕ್ಷನ್ ಮೇಡಂ ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿದರು. "ಸರ್, ನಿಮ್ದು ಇನ್ನೂ ಬೇಸ್ ರೇಟಲ್ಲೇ ಇದೆಯಲ್ಲ, ಅರ್ಜಿ ಕೊಟ್ಟಿಲ್ವಾ?" ಪಕ್ಕದ ಕುರ್ಚಿಯಲ್ಲಿ ಹೊಸ ಸಾಲಕ್ಕೆ ಕೂತಿದ್ದ ಹುಡುಗನಿಗೆ ನನಗಿಂತ ಸುಮಾರು ಒಂದು ಪರ್ಸೆಂಟ್ ಕಮ್ಮಿ. 25 ಲಕ್ಷಕ್ಕೆ ಒಂದು ಪರ್ಸೆಂಟ್ ಅಂದರೆ ವರ್ಷಕ್ಕೆ 25 ಸಾವಿರ! ನನ್ನ ಬಾಕಿ ಅಷ್ಟಿರಲಿಲ್ಲ, ಆದರೂ ಹೊಟ್ಟೆ ಉರಿಯಿತು.

ಅದೇ ವರ್ಷ ಜನಕ್ ರಾಜ್ ನೇತೃತ್ವದ ರಿಸರ್ವ್ ಬ್ಯಾಂಕ್ ಅಧ್ಯಯನ ತಂಡ, ಬೇಸ್ ರೇಟ್, ಎಂಸಿಎಲ್‌ಆರ್ ಎರಡರಲ್ಲೂ ಬ್ಯಾಂಕುಗಳು ಮನಸ್ಸಿಗೆ ಬಂದಂತೆ ಲೆಕ್ಕ ಹೊಂದಿಸುತ್ತಿವೆ ಎಂದಿತು. ಆಮೇಲೆ ಬಂದದ್ದೇ 2019ರ ಅಕ್ಟೋಬರ್ 1ರ ನಿಯಮ. ಬ್ಯಾಂಕಿನ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲ ರೆಪೋನಂಥ ಹೊರಗಿನ ದರಕ್ಕೇ ಜೋಡಣೆಯಾಗಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಬದಲಾಗಬೇಕು. ನಿಮ್ಮ ಸಾಲ ಅದಕ್ಕಿಂತ ಹಳೆಯದು, ಬಹುಶಃ ಎಂಸಿಎಲ್‌ಆರ್‌ನಲ್ಲೇ ಇರಬೇಕು. (ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ನಿಯಮ ಇಲ್ಲ.)

'2025ರಲ್ಲಿ ರೆಪೋ, ಸಿಆರ್‌ಆರ್ ಎರಡನ್ನೂ ಇಳಿಸಿದ್ದು ಬ್ಯಾಂಕ್‌ಗಳ ಜೇಬು ತುಂಬಿಸೋಕೆ' ಅಂತಲೂ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ರೆಪೋ 6.50ರಿಂದ 5.25ಕ್ಕೆ ಇಳಿದಾಗ ರೆಪೋಗೆ ಜೋಡಿಸಿದ ಸಾಲಗಳ ಬಡ್ಡಿ ಬೇಗ ಇಳಿಯುತ್ತೆ, ಆದರೆ ಎಫ್‌ಡಿಗೆ ಒಪ್ಪಿಕೊಂಡ ಬಡ್ಡಿಯನ್ನು ಅವಧಿ ಮುಗಿಯುವವರೆಗೂ ಕೊಡಲೇಬೇಕು. ಎರಡರ ನಡುವಿನ ಅಂತರ, ಅಂದರೆ ಬ್ಯಾಂಕಿನ ಲಾಭ, ಕುಗ್ಗುತ್ತೆ. 2022ರ ಮೇಯಿಂದ ರೆಪೋ 4ರಿಂದ 6.50ಕ್ಕೆ ಏರಿದಾಗ ಇದರ ಉಲ್ಟಾ ಆಗಿತ್ತು, ಆಗ ನಿಜವಾಗಿ ಜೇಬು ತುಂಬಿತು. ಸಿಆರ್‌ಆರ್ ಅಂದರೆ ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಇಟ್ಟ ದುಡ್ಡು. ಅದನ್ನು ಶೇ 4ರಿಂದ 3ಕ್ಕೆ ಇಳಿಸಿದ್ದರಿಂದ ನೂರಕ್ಕೆ ಒಂದು ರೂಪಾಯಿ ದುಡಿಮೆಗೆ ಬಂತು, ಪೆಟ್ಟು ಸ್ವಲ್ಪ ತಗ್ಗಿತು. ಅಷ್ಟೇ.

ನಾಳೆಯೇ ಬ್ಯಾಂಕಿಗೆ ಹೋಗಿ ರೆಪೋ ಆಧಾರಿತ ದರಕ್ಕೆ ಬದಲಿಸಲು ಅರ್ಜಿ ಕೊಡಿ. ಆಡಳಿತ, ಕಾನೂನು ವೆಚ್ಚ ಅಂತ ಒಂದಿಷ್ಟು ಕೇಳಬಹುದು, ಕೊಟ್ಟುಬಿಡಿ. ಆದರೆ ರೆಪೋ ಮೇಲೆ ಸೇರಿಸುವ ಸ್ಪ್ರೆಡ್ ಎಷ್ಟು ಅಂತ ಕೇಳಿಯೇ ಸಹಿ ಹಾಕಿ. ಹೊಸ ಗ್ರಾಹಕರಿಗಿಂತ ಜಾಸ್ತಿ ಹೇಳಿದರೆ ಬೇರೆ ಬ್ಯಾಂಕಿನ ಆಫರ್ ಲೆಟರ್ ತಂದು ಮೇಜಿನ ಮೇಲಿಡಿ. ಬಡ್ಡಿ ಇಳಿದ ಮೇಲೂ ಇಎಂಐ ಹಳೇ ಮೊತ್ತವೇ ಇರಲಿ ಅಂತ ಬರೆದುಕೊಡಿ, ಸಾಲ ಬೇಗ ತೀರುತ್ತೆ.