ಮಡೈರಾ ಜೀಪ್ ಟೂರಿಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಸೊಂಟನೋವಿರುವ, ಈಜು ಬಾರದ ಅಮ್ಮನನ್ನು ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದ ಪಶ್ಚಿಮ ಭಾಗದ ಜೀಪ್ ಟೂರಿಗೆ ಕರೆದೊಯ್ಯಬಹುದಾ ಅಂತ ಕೇಳಿದ್ದೀರಿ. ಹೋಗಬಹುದು, ಆದರೆ ಸೀಟಿನ ವಿಷಯ ಮೊದಲೇ ಮಾತಾಡಿಕೊಳ್ಳಿ. ಈ ಜೀಪುಗಳಲ್ಲಿ ಹಿಂದೆ ಎದುರುಬದುರು ಬೆಂಚು ಇರುವುದೇ ಜಾಸ್ತಿ. ಮಣ್ಣುದಾರಿಯ ಏಟೆಲ್ಲ ಅಲ್ಲಿ ಕೂತವರ ಸೊಂಟಕ್ಕೇ. ಡ್ರೈವರ್ ಪಕ್ಕದ ಸೀಟು ಅಮ್ಮನಿಗೆ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಆಗಲ್ಲ ಅಂದರೆ ಬೇರೆಯವರನ್ನು ನೋಡಿ.

ಈಜಿನ ಚಿಂತೆ ಬೇಡ. ಟೂರಿನಲ್ಲಿ ಬರುವ ಕಡಲತೀರದ ಊರು ಪೋರ್ಟೋ ಮೋನಿಜ್‌ನಲ್ಲಿ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಂಡೆಗಳ ನಡುವೆ ಉಪ್ಪುನೀರಿನ ಕೊಳಗಳಿವೆ. ಅಲೆ ಹೊರಗಿನ ಬಂಡೆಗೆ ಬಡಿದು ನೊರೆಯಾಗಿ ಒಳಗೆ ಹಾರುತ್ತದೆ, ಕೊಳದ ನೀರು ಮಾತ್ರ ಅಷ್ಟಾಗಿ ಅಲುಗಾಡಲ್ಲ. ಆಳ ಹೆಚ್ಚೆಂದರೆ 2 ಮೀಟರ್. ಅಮ್ಮ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೂ ಸಾಕು. ಬಂಡೆ ಒರಟು, ಬರಿಗಾಲಲ್ಲಿ ಚುಚ್ಚುತ್ತದೆ. ನೀರಲ್ಲಿ ಹಾಕುವ ರಬ್ಬರ್ ಶೂ ಇಟ್ಟುಕೊಳ್ಳಿ. ಮಲ್ಪೆಯ ಹಾಗೆ ಬೆಚ್ಚಗಿನ ನೀರು ಸಿಗಲ್ಲ. ಬೇಸಿಗೆಯಲ್ಲೂ 22 ಡಿಗ್ರಿ ಆಸುಪಾಸು. ಕಡಲು ಜೋರಾಗಿದ್ದರೆ ಕೊಳ ಮುಚ್ಚುತ್ತಾರೆ, ಅದಕ್ಕೆ ಯಾರೂ ಏನೂ ಮಾಡಲಾಗಲ್ಲ.

ಕಾಬೋ ಜಿರಾವ್ ಅನ್ನೋ ಕಡಲಂಚಿನ ಬಂಡೆಯ ತುದಿಯಲ್ಲಿ ನೋಟಕ್ಕೆಂದು ಕಟ್ಟಿದ ಗಾಜಿನ ನೆಲದ ಕೆಳಗೆ 580 ಮೀಟರ್ ಪ್ರಪಾತ. ತಲೆಸುತ್ತು ಬರುವವರು ಸುಮ್ನೆ ಪಕ್ಕದಲ್ಲಿ ನಿಲ್ಲಲಿ.

ನನಗೆ ಕೇಳಿದರೆ ಈ ದಾರಿಯಲ್ಲಿ ನೋಡಲೇಬೇಕಾದದ್ದು ಫನಾಲ್ ಕಾಡು. ಪಾಚಿ ಹಿಡಿದ, ತಿರುಚಿಕೊಂಡ ಹಳೇ ಟಿಲ್ ಮರಗಳು (ಲಾರೆಲ್ ಜಾತಿಯವು), ಮಧ್ಯೆ ಮಂಜು. ಸುಮಾರು 1,150 ಮೀಟರ್ ಎತ್ತರ, ಮೇಲೆ ಜೀಪಿಗೆ ಚಾವಣಿಯೂ ತೆಗೆದಿರುತ್ತಾರೆ. ಚಳಿ ಅಲ್ವಾ, ಅಮ್ಮನಿಗೆ ಸ್ವೆಟರ್ ಮರೀಬೇಡಿ. ಫನಾಲ್ ಮೊದಲೋ ಕೊಳ ಮೊದಲೋ ಅಂತಲೂ ಕೇಳಿ. ಕೊಳ ಮೊದಲಾದರೆ ಒಣಬಟ್ಟೆ, ಟವೆಲ್ ಎರಡೂ ಜೊತೆಗೆ ಬೇಕು.