ಬೀಡಿ ಲೆಕ್ಕ ಕೇಳಿದ ಮೇಡಂ

ಬಯಲುಸೀಮೆಯ ಓದುಗರೊಬ್ಬರ ಪತ್ರದ ಸಾರ ಇದು: "ನನ್ನ ಅಣ್ಣನ ಮಗನಿಗೆ 26 ವರ್ಷ, ಸ್ಕಿಜೋಫ್ರೀನಿಯಾ ಎಂಬ ಮನೋರೋಗ. ಐದು ವಾರ ವಾರ್ಡಿನಲ್ಲಿದ್ದು ಕ್ಲೋಜಪಿನ್ ಮಾತ್ರೆಯೊಂದಿಗೆ ಮನೆಗೆ ಬಂದಿದ್ದಾನೆ. ತಿಂಗಳಾದ ಮೇಲೆ ತೋರಿಸಲು ಹೋದರೆ ಸೋಶಿಯಲ್ ವರ್ಕರ್ ಅಂತ ಒಬ್ಬ ಹುಡುಗಿ ಮುಕ್ಕಾಲು ಗಂಟೆ ಕೂರಿಸಿಕೊಂಡಳು. ಕೇಳಿದ್ದೇನು? ದಿನಕ್ಕೆ ಎಷ್ಟು ಬೀಡಿ, ಹೊಟ್ಟೆ ಸರಿಯಾಗಿ ಹೋಗುತ್ತದಾ, ಬೆಳಿಗ್ಗೆ ದಿಂಬು ಒದ್ದೆಯಾಗಿರುತ್ತದಾ, ಜಾತ್ರೆ ದಿನ ಮಾತ್ರೆ ತಪ್ಪಿತ್ತಾ. ಮನೆಯ ಆಸ್ತಿ ಭಾಗದ ಜಗಳದ ಬಗ್ಗೆ ನಾನಾಗಿಯೇ ಹೇಳಹೋದರೆ, ಅದು ಆಮೇಲೆ ಅಂದಳು. ಹುಡುಗ ರಾತ್ರಿ ಮತ್ತೆ ಒಬ್ಬನೇ ಮಾತಾಡಲು ಶುರುಮಾಡಿದ್ದಾನೆ, ಮಾತ್ರೆ ಉಗುಳುತ್ತಾನೆ ಅಂತ ಮನೆಯವರ ಅನುಮಾನ. ಡಾಕ್ಟರ ಕೆಲಸ ಡಾಕ್ಟರಿಗೆ ಬಿಟ್ಟು, ಸಮಾಜ ಸೇವಕರು ನಾಲ್ಕು ಸಾಂತ್ವನದ ಮಾತು ಹೇಳಿದರೆ ಸಾಲದೇ?"

ಸಾಲದು ಸ್ವಾಮಿ. ಯಾಕೆ ಅಂತ ಹೇಳಲು ಕೊಂಚ ಜಾಗ ಬೇಕು. ಅದಕ್ಕೇ ನಿಮ್ಮ ಪತ್ರವನ್ನು ಹಿಂದಿನ ಸಂಚಿಕೆಯಿಂದ ತಡೆದು ಇಲ್ಲಿಗೆ ತಂದಿದ್ದೇವೆ.

ಮೊದಲು ನಿಮ್ಮ ಪಾಲಿನದು ಒಪ್ಪಿಸಿಬಿಡುತ್ತೇವೆ. ಭಾಗದ ಜಗಳ ಕಾಯಿಲೆಗೆ ಸಂಬಂಧವಿಲ್ಲದ್ದೇನಲ್ಲ. ನಿಮ್ಮ ಮಾತಿಗೆ ಅಲ್ಲೇ ಎರಡು ನಿಮಿಷ ಕಿವಿಗೊಟ್ಟಿದ್ದರೆ ಆಕೆಯ ಗಂಟೇನೂ ಹೋಗುತ್ತಿರಲಿಲ್ಲ. ಫಾರಂ ತುಂಬುವ ಆತುರದಲ್ಲಿ ಎದುರಿಗಿರುವವರ ಮುಖ ನೋಡುವುದನ್ನೇ ಮರೆಯುವ ಚಾಳಿ ಈ ಕ್ಷೇತ್ರದಲ್ಲೂ ಇದೆ. ಇದರಾಚೆಗೆ ನಿಮ್ಮ ಪಕ್ಷ ವಹಿಸಲು ನಮ್ಮಿಂದ ಆಗುವುದಿಲ್ಲ.

ಬೀಡಿಯ ವಿಷಯ ನೋಡಿ. ಬೀಡಿ ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕ್ಲೋಜಪಿನ್ ಅನ್ನು ಕರಗಿಸುವುದೂ ಅದೇ ಕಿಣ್ವ. ಈ ಕೆಲಸ ನಿಕೋಟಿನ್ನಿನದಲ್ಲ, ಸುಟ್ಟ ಹೊಗೆಯದು. ಅದಕ್ಕೇ ನಿಕೋಟಿನ್ ಚೂಯಿಂಗ್ ಗಮ್ಮಿಗೆ ಈ ಗುಣವಿಲ್ಲ. ವಾರ್ಡಿನಲ್ಲಿ ಬೀಡಿ ಇಲ್ಲ. ಅಲ್ಲಿ ಐದು ವಾರ ನೋಡಿ ನೋಡಿ ಗೊತ್ತುಮಾಡಿದ ಪ್ರಮಾಣ ಬೀಡಿ ಸೇದದ ದೇಹಕ್ಕೆ ಸರಿಹೊಂದಿದ್ದು. ಹುಡುಗ ಮನೆಗೆ ಬಂದು ದಿನಕ್ಕೊಂದು ಕಟ್ಟು ಶುರುಮಾಡಿದ ಎನ್ನಿ. ಅದೇ ಮಾತ್ರೆ, ಅದೇ ಹೊತ್ತಿಗೆ ನುಂಗಿದರೂ ರಕ್ತದಲ್ಲಿ ಔಷಧಿ ಇಳಿಯುತ್ತದೆ, ಕಾಯಿಲೆಯಲ್ಲಿ ಕೇಳುತ್ತಿದ್ದು, ಮಾತ್ರೆಯಿಂದ ನಿಂತಿದ್ದ ದನಿಗಳು ಮತ್ತೆ ಕೇಳತೊಡಗುತ್ತವೆ. ಮನೆಯವರು "ಮಾತ್ರೆ ಉಗುಳ್ತಾನೆ" ಎಂದು ಬಾಯಿ ತೆರೆಸಿ ನಾಲಿಗೆ ಕೆಳಗೆ ನೋಡಲು ಶುರುಮಾಡುತ್ತಾರೆ. ಅವನಿಗೆ ಸಿಟ್ಟು, ಅವನ ಸಿಟ್ಟು ನೋಡಿ ಇವರಿಗೆ ಭಯ. ಉಲ್ಟಾ ಕೂಡ ಆಗುತ್ತದೆ. ಸೇದುವವನು ಹಠಾತ್ತನೆ ಬಿಟ್ಟರೆ ವಾರದೊಳಗೆ ಔಷಧಿಯ ಮಟ್ಟ ಏರಿ ಮಂಪರು, ತಲೆಸುತ್ತು, ಕೆಲವರಿಗೆ ಫಿಟ್ಸ್. ನಿಮ್ಮ ಹುಡುಗನಿಗೆ ಆಗಿರುವುದು ಇದೇ ಎಂದು ಪತ್ರ ಓದಿ ಹೇಳಲು ನಾವು ಯಾರೂ ಅಲ್ಲ. ಕೇಳಬೇಕಾದ್ದನ್ನು ಆಕೆ ಕೇಳಿದ್ದಾರೆ ಎಂದಷ್ಟೇ ನಮ್ಮ ಮಾತು.

ಮಿಕ್ಕ ಪ್ರಶ್ನೆಗಳೂ ಅಂಥವೇ. ದಿಂಬು ಒದ್ದೆಯಾಗುವುದು ಈ ಮಾತ್ರೆಗೆ ನಿದ್ದೆಯಲ್ಲಿ ಜೊಲ್ಲು ಸುರಿಯುವುದರಿಂದ. ನಾಚಿಕೆಯಿಂದ ಯಾರೂ ತಾವಾಗಿ ಹೇಳುವುದಿಲ್ಲ, ಆ ನಾಚಿಕೆಗೇ ಎಷ್ಟೋ ಹುಡುಗರು ಮಾತ್ರೆ ಬಿಡುತ್ತಾರೆ. ಹೊಟ್ಟೆಯ ಪ್ರಶ್ನೆ ಇನ್ನೂ ಗಂಭೀರ. ಕ್ಲೋಜಪಿನ್ ಕರುಳಿನ ಚಲನೆ ನಿಧಾನ ಮಾಡುತ್ತದೆ, ಮಲಬದ್ಧತೆ ಬಿಗಿದು ಕರುಳೇ ಕಟ್ಟಿಕೊಂಡು ಜೀವ ಹೋದದ್ದುಂಟು. "ಸರಿ ಇದೆ" ಎಂಬ ಉತ್ತರಕ್ಕೆ ಆಕೆ ಸುಮ್ಮನಾಗದೆ, ಕೊನೆಯ ಸಲ ಯಾವತ್ತು ಎಂದು ಕೇಳಿರಬೇಕು. ಜಾತ್ರೆ? ಈ ಮಾತ್ರೆ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನೇ ನುಂಗಿಸುವ ಹಾಗಿಲ್ಲ. ಡಾಕ್ಟರಿಗೆ ತಿಳಿಸಿ ಮತ್ತೆ 12.5 ಮಿಲಿಗ್ರಾಂನಿಂದ ಹತ್ತಿಸಿಕೊಂಡು ಬರಬೇಕು. "ಪಾಪ, ತಪ್ಪಿಹೋಯ್ತು" ಎಂದು 300 ಮಿಲಿಗ್ರಾಂ ಒಮ್ಮೆಗೇ ಕೊಟ್ಟರೆ ಬಿ.ಪಿ. ಕುಸಿದು ಬಚ್ಚಲುಮನೆಯಲ್ಲಿ ಬೀಳಬಹುದು. ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ನೋಡುವುದು ಬಿಳಿ ರಕ್ತಕಣ ಕುಸಿಯುವ ಅಪಾಯಕ್ಕಾಗಿ. ಆ ನಡುವೆ ಗಂಟಲುನೋವು, ಜ್ವರ ಬಂದರೆ ಕ್ರೋಸಿನ್ ಕೊಟ್ಟು ಮಲಗಿಸದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು.

ಇದೆಲ್ಲ ಡಾಕ್ಟರ ಕೆಲಸವೇ ತಾನೇ ಎನ್ನುತ್ತೀರಿ. ಮಾತ್ರೆ ಬರೆಯುವುದು, ಹೆಚ್ಚುಕಡಿಮೆ ಮಾಡುವುದು ಅವರ ಕೆಲಸ. ಆದರೆ ಬಿಡುವಿಲ್ಲದ ಒ.ಪಿ.ಡಿ.ಯಲ್ಲಿ ಅವರಿಗೆ ಸಿಗುವುದು ಐದೋ ಆರೋ ನಿಮಿಷ. ಮನೆಯ ವಿದ್ಯಮಾನ ಅವರ ಮೇಜಿಗೆ ತಲುಪುವುದು ಈ ಮುಕ್ಕಾಲು ಗಂಟೆಯ ಮೂಲಕ. ಎಲ್ಲಿ ಕಿವಿ ನಿಮಿರಬೇಕು ಎಂಬುದು ಗೊತ್ತಿಲ್ಲದವರು ಎಷ್ಟು ಹೊತ್ತು ಕೂತು ಕೇಳಿದರೂ ಅಷ್ಟೆ.

ಬೇರೆ ಮಾತ್ರೆಗಳ ಒಂದು ಉದಾಹರಣೆ. ಹ್ಯಾಲೊಪೆರಿಡಾಲ್‌ನಂಥ ಔಷಧಿ ಶುರುವಾದ ಕೆಲವೇ ದಿನಗಳಲ್ಲಿ ಕೆಲವರು ಕೂತಲ್ಲಿ ಕೂರುವುದಿಲ್ಲ, ಜಗಲಿಯ ಈ ತುದಿಯಿಂದ ಆ ತುದಿಗೆ ಅಲೆಯುತ್ತಾರೆ. ಮನೆಯವರು ಕಾಯಿಲೆ ಕೆರಳಿತು ಎಂದು ಇನ್ನೊಂದು ಮಾತ್ರೆ ಕೊಡುತ್ತಾರೆ, ಸಂಕಟ ಇಮ್ಮಡಿಸುತ್ತದೆ. ತಿಳಿದವರು ಎರಡು ನಿಮಿಷ ಕೂರಿಸಿ, ಎರಡು ನಿಮಿಷ ನಿಲ್ಲಿಸಿ ಕಾಲು ನೋಡುತ್ತಾರೆ. "ತಳಮಳ ಮನಸ್ಸಲ್ಲೋ, ಕಾಲಲ್ಲೋ?" ಎಂದು ಕೇಳುತ್ತಾರೆ. "ಕಾಲು ನಿಲ್ಲೋದೇ ಇಲ್ಲ ಮೇಡಂ" ಎಂದರೆ ಅದು ಅಕತೀಸಿಯಾ, ಮಾತ್ರೆಯ ಅಡ್ಡಪರಿಣಾಮ. ಮುಂದಿನ ಮಂಗಳವಾರದವರೆಗೆ ಕಾಯಬಹುದೋ, ಇವತ್ತೇ ಡಾಕ್ಟರಿಗೆ ಫೋನು ಮಾಡಬೇಕೋ ಎಂದು ತೂಗುವುದು ಅದರ ಮೇಲಿನ ಕೆಲಸ. ಆ ತಳಮಳದಲ್ಲಿ ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳದೆ ಅದು ತೀರ್ಮಾನವಾಗುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೌದು ಎಂದರೆ ಪ್ರಶ್ನೆಗಳು ಅಲ್ಲಿಂದ ಶುರು: ಯಾವಾಗಿನಿಂದ, ಹೇಗೆ ಎಂದು ಯೋಚಿಸಿದ್ದೀರಾ, ಹಿಂದೆ ಪ್ರಯತ್ನ ಆಗಿತ್ತಾ, ಹೊಲಕ್ಕೆ ಹೊಡೆಯುವ ಔಷಧಿ ಯಾರ ಮನೆಗೆ ಸಾಗಿಸಬಹುದು, ಇವತ್ತು ರಾತ್ರಿ ಜೊತೆಗೆ ಯಾರು ಮಲಗುತ್ತಾರೆ.

ಪುಸ್ತಕ ಓದಿದವರಿಗೆಲ್ಲ ಈ ತೂಕ ಬಂದುಬಿಡುತ್ತದೆ ಎಂದೂ ಇಲ್ಲ. ಜಾತ್ರೆಯಲ್ಲಿ ಮೈಮೇಲೆ ದೇವಿ ಬಂದ ಹೆಂಗಸನ್ನು ಕಾಯಿಲೆಯವಳು ಎಂದು ಬರೆದುಕೊಂಡರೆ ಅದು ದಡ್ಡತನ. ವರ್ಷಕ್ಕೊಮ್ಮೆ ಬಂದು, ಇಳಿದು, ಮಾರನೆಯ ದಿನ ಆಕೆ ಕಳೆ ಕೀಳಲು ಹೋದರೆ ಅಲ್ಲಿ ಚಿಕಿತ್ಸೆಗೆ ಏನೂ ಇಲ್ಲ. ಮೂರು ವಾರದಿಂದ ನಿದ್ದೆಯಿಲ್ಲ, ಅಡುಗೆಮನೆಗೆ ಕಾಲಿಟ್ಟಿಲ್ಲ, ಪೂಜಾರಿಯೇ "ಇದು ಅಮ್ಮನ ವರಸೆ ಅಲ್ಲ" ಎನ್ನುತ್ತಿದ್ದಾನೆ ಎಂದರೆ ಮಾತು ಬೇರೆ. ಊರಿಗೆ ತನ್ನ ದೇವರ ವರಸೆ ಗೊತ್ತಿರುತ್ತದೆ. ಅದನ್ನು ಊರಿನವರನ್ನೇ ಕೇಳಿ ತಿಳಿಯುವುದೂ ಈ ವಿದ್ಯೆಯ ಭಾಗ.

ಈಗ ನಿಮ್ಮ ಭಾಗದ ಜಗಳಕ್ಕೆ ಬರೋಣ. ಮನೆಯ ವಾತಾವರಣ ಮುಖ್ಯ ಎಂದು ನೀವು ಹೇಳಿದ್ದನ್ನು 1950ರ ದಶಕದ ಕೊನೆಯಲ್ಲೇ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು ಪರೀಕ್ಷಿಸಹೊರಟರು. ಆಸ್ಪತ್ರೆಯಿಂದ ತಂದೆತಾಯಿಯ ಅಥವಾ ಹೆಂಡತಿಯ ಬಳಿಗೆ ಹೋದವರಲ್ಲಿ ಕಾಯಿಲೆ ಮರುಕಳಿಸುವುದು, ಬಾಡಿಗೆ ಕೋಣೆಗೋ ಒಡಹುಟ್ಟಿದವರ ಮನೆಗೋ ಹೋದವರಿಗಿಂತ ಹೆಚ್ಚು ಎಂದು ಕಂಡಿತು. ಮುಂದಿನ ಅಧ್ಯಯನಗಳಲ್ಲಿ ಮನೆಯವರ ಸಂದರ್ಶನವನ್ನು ಟೇಪ್ ಮಾಡಿ ಟೀಕೆಯ ಮಾತುಗಳನ್ನು ಒಂದೊಂದಾಗಿ ಎಣಿಸಿದರು. ಟೀಕೆ, ಹಗೆತನ, ಅತಿಯಾದ ಕಾಳಜಿ ಇದ್ದ ಮನೆಗಳಲ್ಲಿ, ಅದರಲ್ಲೂ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದ ಕಡೆ, ಅಪಾಯ ಹೆಚ್ಚು. ಚಂಡೀಗಢದಲ್ಲಿ ಇದೇ ಅಳತೆ ಹಿಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಸಿಕ್ಕವು ಎಂಬುದು ನಮಗೆ ಸಮಾಧಾನದ ವಿಷಯ. ನಿಮ್ಮಲ್ಲಿ ಮಾಡಬಹುದಾದ್ದು: ಹುಡುಗನನ್ನು ದಿನಕ್ಕೆ ಕೆಲವು ಗಂಟೆ ತೋಟಕ್ಕೋ ಚಿಕ್ಕಪ್ಪನ ಅಂಗಡಿಗೋ ಕಳಿಸಿ. ಪಾಲುಪಾರಿಕತ್ತಿನ ಮಾತು ಅವನಿಲ್ಲದಾಗ ಆಡಿ. ಮೇಡಂ "ಆಮೇಲೆ" ಅಂದದ್ದು ಬಹುಶಃ ಅವನು ಪಕ್ಕದಲ್ಲೇ ಕೂತಿದ್ದರಿಂದ.

ನಿಮ್ಮ ಪತ್ರದಲ್ಲಿ ನಮ್ಮನ್ನು ಚುಚ್ಚಿದ್ದು "ಹುಡುಗಿ", "ಸಮಾಜ ಸೇವಕರು" ಎಂಬ ಎರಡು ಮಾತು. ಕನ್ನಡದಲ್ಲಿ ಸಮಾಜ ಸೇವಕ ಎಂದರೆ ಶಾಲು, ಹಾರ, ಫ್ಲೆಕ್ಸು. ಆಕೆಯದು ಸೇವೆಯಲ್ಲ, ಸಂಬಳದ ವೃತ್ತಿ, ಕಲಿತು ಬಂದ ವಿದ್ಯೆ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ, ರೋಗಿಗಳ ನಡುವೆ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದ ಎರಡು ವರ್ಷದ ಎಂ.ಫಿಲ್. ಮುಗಿಸಿದವರು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ತಮಾಷೆ ನೋಡಿ, 2022ರಲ್ಲಿ ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಆಮೇಲೆ ಎಚ್ಚೆತ್ತು ಈ ವಿಷಯಕ್ಕೂ ಚಿಕಿತ್ಸಾ ಮನಶ್ಶಾಸ್ತ್ರಕ್ಕೂ 2025-26ರವರೆಗೆ ವಿನಾಯಿತಿ ಕೊಟ್ಟಿತು. ಒಂದು ಕೈ ಕಡ್ಡಾಯ ಮಾಡಿದ ಪದವಿಯನ್ನು ಇನ್ನೊಂದು ಕೈ ಅಳಿಸುವ ದೇಶದಲ್ಲಿ ಓದುಗರೊಬ್ಬರನ್ನೇ ಬೈದು ಏನು ಪ್ರಯೋಜನ! 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಕಟ್ಟಿ ತೋರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು ದೇಶವೇ ತೆಗೆದುಕೊಂಡಿತು. ಹಾಗಿದ್ದೂ ಇಂಥ ತರಬೇತಿ ಪಡೆದವರನ್ನು ಅಂಗವೈಕಲ್ಯ ಪ್ರಮಾಣಪತ್ರದ ಗುಮಾಸ್ತರಂತೆ ಕಾಣುವುದು ನಿಂತಿಲ್ಲ.

ಆ ಪ್ರಮಾಣಪತ್ರದಲ್ಲೂ ತೂಕ ಬೇಕು ಅನ್ನಿ. ಮಾನಸಿಕ ಅಂಗವೈಕಲ್ಯ ಅಳೆಯುವ ಐಡಿಯಾಸ್ ಮಾಪಕದಲ್ಲಿ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ದುಡಿಮೆ ಈ ನಾಲ್ಕಕ್ಕೆ ತಲಾ 0ಯಿಂದ 4, ಕಾಯಿಲೆಯ ಅವಧಿಗೆ ಇನ್ನು 4ರವರೆಗೆ, ಒಟ್ಟು 20. ಏಳು ಬಂದರೆ ಶೇ. 40, ಅಲ್ಲಿಂದ ಸವಲತ್ತು. "ಸ್ನಾನ ಮಾಡ್ತಾನಾ?" ಎಂದರೆ ಅಮ್ಮ "ಮಾಡ್ತಾನೆ" ಎನ್ನುತ್ತಾರೆ. "ನೀವು ಹೇಳದಿದ್ದರೆ?" ಎಂದರೆ ಮೌನ. "ನೀರು ಕಾಯಿಸಿ, ಬಟ್ಟೆ ಕೊಟ್ಟು, ಬಾಗಿಲ ಹೊರಗೆ ನಾನು ನಿಂತಿರಬೇಕು." ಎರಡನೆಯ ಪ್ರಶ್ನೆ ಕೇಳದಿದ್ದರೆ ಆ ಮನೆಗೆ ಪಿಂಚಣಿ ತಪ್ಪುತ್ತದೆ.

ಇನ್ನು ನೀವು ಮಾಡಬೇಕಾದ್ದು. ಮಾತನಾಡಿಕೊಳ್ಳುವುದು ಮತ್ತೆ ಶುರುವಾಗಿದೆ ಎಂದಿರಿ, ಮುಂದಿನ ತಾರೀಖಿಗೆ ಕಾಯದೆ ಈ ವಾರವೇ ಹೋಗಿ. ಖಾಲಿಯಾದ ಮಾತ್ರೆ ಹಾಳೆಗಳನ್ನೂ ಉಳಿದ ಮಾತ್ರೆಗಳನ್ನೂ ರಕ್ತ ಪರೀಕ್ಷೆಯ ಎಲ್ಲ ಚೀಟಿಗಳನ್ನೂ ಒಯ್ಯಿರಿ. ಬೀಡಿಯನ್ನು ಗದರಿಸಿ ಒಮ್ಮೆಲೇ ಬಿಡಿಸಲು ಹೋಗಬೇಡಿ, ಬಿಡುವುದಾದರೆ ಮೊದಲೇ ಅಲ್ಲಿ ತಿಳಿಸಿ. ಎಷ್ಟು ಸೇದುತ್ತಾನೆ ಎಂದು ಮೇಡಂ ಕೇಳಿದ್ದಕ್ಕೆ "ಏನೋ ಸ್ವಲ್ಪ" ಎಂದು ಹೇಳಿ ಬಂದದ್ದಾಗಿ ನೀವೇ ಪತ್ರದಲ್ಲಿ ಬರೆದಿದ್ದೀರಿ. ಈ ಸಲ ಕಟ್ಟಿನ ಲೆಕ್ಕದಲ್ಲಿ ಹೇಳಿ.

- ಸಂ.