ಡಾಕ್ಟರ್ ಸಿಗಲಿಲ್ಲ, ನರ್ಸ್ ಪ್ರಾಕ್ಟಿಷನರ್ ಹತ್ತಿರ ಹೋಗಲಾ?

ಪ್ರಶ್ನೆ: ನನಗೆ ಥೈರಾಯ್ಡ್ ಇದೆ, ಈಗ ಬಿಪಿಯೂ ಶುರುವಾಗಿದೆ. ಇಲ್ಲಿನ ಕ್ಲಿನಿಕ್‌ಗೆ ಫೋನ್ ಮಾಡಿದರೆ ಡಾಕ್ಟರ್ ಸಿಗುವುದು ಮೂರು ತಿಂಗಳಾದ ಮೇಲಂತೆ, ನರ್ಸ್ ಪ್ರಾಕ್ಟಿಷನರ್ ಆದರೆ ಮುಂದಿನ ವಾರವೇ. ಊರಲ್ಲಿರುವ ಅತ್ತೆ ‘ನರ್ಸ್ ಹತ್ರ ತೋರಿಸ್ಕೊಳ್ಳೋಕೆ ಅಮೆರಿಕಾಕ್ಕೆ ಹೋಗ್ಬೇಕಿತ್ತಾ’ ಅಂತ ನಗುತ್ತಾರೆ. ಏನು ಮಾಡಲಿ?
- ಓದುಗರೊಬ್ಬರು, ಡಲ್ಲಾಸ್

ಉತ್ತರ: ಹೋಗಿ. ಬಿಪಿ ಇಟ್ಟುಕೊಂಡು ಮೂರು ತಿಂಗಳು ಸುಮ್ನೆ ಕೂರಬೇಡಿ. ಅತ್ತೆಯವರ ಮನಸ್ಸಿನಲ್ಲಿರುವುದು ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕುವ ನಮ್ಮೂರಿನ ಸಿಸ್ಟರ್. ನರ್ಸ್ ಪ್ರಾಕ್ಟಿಷನರ್ ಅಂದರೆ ನರ್ಸಿಂಗ್ ಓದಿ, ಅದರ ಮೇಲೆ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮಾಡಿ, ಇನ್ನೊಂದು ಪರೀಕ್ಷೆ ಪಾಸಾದವರು. ರೋಗ ಇಂಥದ್ದು ಅಂತ ಹೇಳುತ್ತಾರೆ, ರಕ್ತಪರೀಕ್ಷೆಗೆ ಬರೆಯುತ್ತಾರೆ, ಮಾತ್ರೆ ಬರೆದುಕೊಡುತ್ತಾರೆ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದ ಓದು ಇದು. ಅರಿಜೋನಾದಂಥ ರಾಜ್ಯದಲ್ಲಿ ಇವರು ಸ್ವತಂತ್ರವಾಗಿ ಕ್ಲಿನಿಕ್ ನಡೆಸಬಹುದು, ನಿಮ್ಮ ಟೆಕ್ಸಾಸ್‌ನಲ್ಲಿ ಮಾತ್ರ ಒಬ್ಬ ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಇರಲೇಬೇಕು.

ಹಾಗಂತ ಓದಿನಲ್ಲಿ ಇಬ್ಬರೂ ಸಮ ಅಂತ ನಾನು ಹೇಳುವುದಿಲ್ಲ. ಡಾಕ್ಟರ್ ಆದವರು ಡಿಗ್ರಿ ಆದಮೇಲೆ ನಾಲ್ಕು ವರ್ಷ ಮೆಡಿಕಲ್ ಓದಿ, ಕನಿಷ್ಠ ಮೂರು ವರ್ಷ ಆಸ್ಪತ್ರೆಯಲ್ಲಿ ಹಗಲು ರಾತ್ರಿ ದುಡಿದಿರುತ್ತಾರೆ. ಆದರೆ ನಿಮ್ಮದು ಹೆಸರು ಗೊತ್ತಿರುವ ಕಾಯಿಲೆ, ಅಲ್ವಾ? 2000ದಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ 1,316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಡಾಕ್ಟರ್‌ಗಳಿಗೂ ನರ್ಸ್ ಪ್ರಾಕ್ಟಿಷನರ್‌ಗಳಿಗೂ ಹಂಚಿದ್ದರು. ಆರು ತಿಂಗಳಾದ ಮೇಲೆ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳು ಚಿಕ್ಕ ಅವಧಿ, ನಿಜ. ಆದರೂ ಬಿಪಿ, ಥೈರಾಯ್ಡ್‌ಗೆ ನನಗೆ ಅಷ್ಟು ಸಾಕು.

ಅಲ್ಲಿ ಮೊದಲು ಒಳಗೆ ಬಂದು ತೂಕ, ಬಿಪಿ ನೋಡಿ ಕಂಪ್ಯೂಟರ್‌ಗೆ ಹಾಕಿ ಹೋಗುವವರು ಸಾಮಾನ್ಯವಾಗಿ ಮೆಡಿಕಲ್ ಅಸಿಸ್ಟೆಂಟ್. ಅವರನ್ನೇ ನರ್ಸ್ ಪ್ರಾಕ್ಟಿಷನರ್ ಅಂದುಕೊಂಡು ‘ಐದು ನಿಮಿಷಾನೂ ನೋಡಲಿಲ್ಲ’ ಎಂದು ಬೈದುಕೊಳ್ಳಬೇಡಿ! ಥೈರಾಯ್ಡ್ ಮಾತ್ರೆಯ ಡೋಸ್ ಬದಲಿಸಿದರೆ ಆರರಿಂದ ಎಂಟು ವಾರದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಮತ್ತೆ ನೋಡಬೇಕು, ಬರುವಾಗಲೇ ದಿನ ಗೊತ್ತು ಮಾಡಿಕೊಂಡು ಬನ್ನಿ. ಬೆಳಗಿನ ಮಾತ್ರೆ ಕಾಫಿ ಜೊತೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ತೆಳ್ಳಗಿದ್ದೀನಿ ಅಂತ ಶುಗರ್ ಪರೀಕ್ಷೆ ಬಿಡಬೇಡಿ. ನಮ್ಮಂಥ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) 23 ಮುಟ್ಟಿದರೇ ನೋಡಬೇಕು ಅಂತ ಅಮೆರಿಕದ ಡಯಾಬಿಟಿಸ್ ಸಂಘವೇ ಹೇಳುತ್ತದೆ.

ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಎರಡು ಸಲ ಹೋದರೂ ಏನು ಅಂತ ಗೊತ್ತಾಗದಿದ್ದರೆ, ಮೂರು ಮಾತ್ರೆ ಹಾಕಿದರೂ ಬಿಪಿ ಇಳಿಯದಿದ್ದರೆ ‘ಡಾಕ್ಟರನ್ನೇ ನೋಡಬೇಕು’ ಅಂತ ಮುಖಕ್ಕೇ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮೂರ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಅಂತ ಇದ್ದಾರೆ. ಅಪ್ಪನ ಶುಗರ್ ಮಾತ್ರೆ ಅವರ ಹತ್ತಿರವೇ ತರಬಹುದಾ?
- ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ತರಬಹುದು. ಅವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ, ಆದರೆ ಅಮೆರಿಕದ ನರ್ಸ್ ಪ್ರಾಕ್ಟಿಷನರ್‌ಗಳಷ್ಟು ಅಧಿಕಾರ ಇವರಿಗಿಲ್ಲ. ಡಾಕ್ಟರ್ ಬರೆದದ್ದನ್ನು ಮುಂದುವರಿಸುತ್ತಾರೆ, ಬೇಕಾದರೆ ಸರ್ಕಾರದ ಆನ್‌ಲೈನ್ ವೈದ್ಯ ಸೇವೆಯಾದ ಇ-ಸಂಜೀವಿನಿಯಲ್ಲಿ ಡಾಕ್ಟರ್ ಜೊತೆ ಮಾತಾಡಿಸುತ್ತಾರೆ. ಮಾತ್ರೆ ಬದಲಿಸಬೇಕೆಂದರೆ ಪಿಎಚ್‌ಸಿಗೆ ಕರೆದುಕೊಂಡು ಹೋಗಿ. ವರ್ಷಕ್ಕೊಮ್ಮೆ ಕಣ್ಣು, ಪಾದ, ಕಿಡ್ನಿ ನೋಡಿಸುವುದನ್ನು ಮರೆಯುವವರೇ ಜಾಸ್ತಿ, ಹೋದಾಗ ಅದನ್ನೂ ಕೇಳಿ ಮಾಡಿಸಿ.